ಎಷ್ಟರಲ್ಲಿ ಎಷ್ಟು? ಕಾಫಿ ಹಣ್ಣು ಹಿಸುಕುತ್ತ ಕಲಿಯುವ ಸಂಭವನೀಯತೆ

ಡಿಸೆಂಬರ್‌ನಲ್ಲಿ ಅರೇಬಿಕಾ ಕೊಯ್ಲಿನ ಹೊತ್ತಿಗೆ ಕೊಡಗಿನ ತೋಟಗಳಲ್ಲಿ ಕೆಂಪು ಹಣ್ಣಿಗೆ ಬರವಿಲ್ಲ. ಒಂದು ಹಣ್ಣನ್ನು ಹೆಬ್ಬೆರಳು, ತೋರುಬೆರಳುಗಳ ನಡುವೆ ಹಿಡಿದು ಹಿಸುಕಿ. ಸಿಪ್ಪೆ ಒಡೆದು, ಲೋಳೆ ಅಂಟಿದ ಎರಡು ಬೀಜಗಳು ಜಾರಿ ಹೊರಬರುತ್ತವೆ. ಒಂದಕ್ಕೊಂದು ಆತುಕೊಂಡಿದ್ದ ಮೈ ಚಪ್ಪಟೆ, ಹೊರಮೈ ಉಬ್ಬು. ಇನ್ನೊಂದು ಹಿಸುಕಿ, ಮತ್ತೆ ಎರಡು. ಹೀಗೇ ಹಿಸುಕುತ್ತ ಹೋದರೆ ಯಾವುದೋ ಒಂದು ಹಣ್ಣಿನಿಂದ ಒಂದೇ ಬೀಜ ಬರುತ್ತದೆ, ಬಟಾಣಿಯ ಹಾಗೆ ದುಂಡಗೆ. ಅದೇ ಪೀಬೆರಿ. ಹೂವಿನ ಅಂಡಾಶಯದಲ್ಲಿದ್ದ ಎರಡು ಅಂಡಕಗಳಲ್ಲಿ ಒಂದು ಬೆಳೆಯದೆ ಉಳಿದರೆ, ಇನ್ನೊಂದು ಅದರ ಜಾಗವನ್ನೂ ತುಂಬಿಕೊಂಡು ದುಂಡಗಾಗುತ್ತದೆ. ಒಣಗಿದ ಕಾಫಿಯ ಹೊಟ್ಟು ತೆಗೆದು ವಿಂಗಡಿಸುವ ಕ್ಯೂರಿಂಗ್‌ನಲ್ಲಿ ಇದನ್ನು ಬೇರೆ ತೆಗೆದು ‘ಪಿಬಿ’ ಎಂಬ ದರ್ಜೆ ಕೊಡುತ್ತಾರೆ.

ಬುಟ್ಟಿಯಿಂದ ಮುಂದೆ ಎತ್ತುವ ಹಣ್ಣಿನಲ್ಲಿ ಪೀಬೆರಿ ಇದೆಯೇ? ಎಷ್ಟೇ ಅನುಭವಸ್ಥರಾದರೂ ಹಿಸುಕುವ ಮೊದಲು ಖಚಿತವಾಗಿ ಹೇಳಲಾರರು. ಆದರೆ ಸಾವಿರ ಹಣ್ಣಿನಲ್ಲಿ ಎಷ್ಟಿರಬಹುದು ಎಂದು ಕೇಳಿದರೆ ಸುಮಾರಾಗಿ ಸರಿಯಾದ ಉತ್ತರ ಕೊಡಬಹುದು. ಒಂದೊಂದಾಗಿ ನೋಡಿದಾಗ ಹೇಳಲಾಗದ್ದು, ಗುಂಪಾಗಿ ನೋಡಿದಾಗ ಹೇಳಲು ಬರುತ್ತದೆ. ಈ ಅಳತೆಗೇ ಗಣಿತದಲ್ಲಿ ಸಂಭವನೀಯತೆ ಎನ್ನುತ್ತಾರೆ. ಅದು 0 ಮತ್ತು 1ರ ನಡುವಿನ ಸಂಖ್ಯೆ. ಆಗಲು ಸಾಧ್ಯವೇ ಇಲ್ಲದ್ದಕ್ಕೆ 0, ಆಗಿಯೇ ತೀರುವುದಕ್ಕೆ 1. ಉತ್ತರ 1.2 ಅಥವಾ −0.3 ಎಂದು ಬಂದರೆ ಲೆಕ್ಕ ತಪ್ಪಿದೆ, ಹಿಂದಕ್ಕೆ ಹೋಗಿ ಹುಡುಕಬೇಕು.

ಪರೀಕ್ಷೆಯಲ್ಲಾಗಲಿ ತೋಟದಲ್ಲಾಗಲಿ, ಸಂಭವನೀಯತೆಯ ಲೆಕ್ಕ ತಪ್ಪುವುದು ಹೆಚ್ಚಾಗಿ ಒಂದೇ ಕಡೆ: ‘ಎಷ್ಟು’ ಎಂದು ಎಣಿಸುತ್ತೇವೆ, ‘ಎಷ್ಟರಲ್ಲಿ’ ಎಂದು ಕೇಳಿಕೊಳ್ಳುವುದಿಲ್ಲ. ಭಿನ್ನರಾಶಿಯ ಕೆಳಗಿನ ಸಂಖ್ಯೆ, ಅಂದರೆ ಛೇದವನ್ನು, ಮೊದಲು ಬರೆಯುವ ಅಭ್ಯಾಸವಾದರೆ ಅರ್ಧ ಪಾಠ ಮುಗಿದ ಹಾಗೆ.

ಛೇದ ಬರೆಯುವುದು ಹೇಗೆ

ನಾಣ್ಯ ಚಿಮ್ಮುವುದು, ದಾಳ ಉರುಳಿಸುವುದು, ಹಣ್ಣು ಹಿಸುಕುವುದು ಇವೆಲ್ಲ ಯಾದೃಚ್ಛಿಕ ಪ್ರಯೋಗಗಳು. ಏನೇನು ಆಗಬಹುದು ಎಂಬ ಪಟ್ಟಿ ಮೊದಲೇ ಗೊತ್ತಿರುತ್ತದೆ, ಈ ಸಲ ಯಾವುದು ಎಂಬುದು ಮಾತ್ರ ಗೊತ್ತಿರುವುದಿಲ್ಲ. ಆ ಪಟ್ಟಿಯೇ ಫಲಿತಗಣ. ದಾಳಕ್ಕೆ 1, 2, 3, 4, 5, 6. ಪಟ್ಟಿಯಲ್ಲಿ ನಮಗೆ ಬೇಕಾದ ಭಾಗ ಘಟನೆ. ‘ಸಮಸಂಖ್ಯೆ ಬೀಳಬೇಕು’ ಎಂಬ ಘಟನೆಯಲ್ಲಿ 2, 4, 6 ಇವೆ. ಆರರಲ್ಲಿ ಮೂರು, ಆದ್ದರಿಂದ ಅದರ ಸಂಭವನೀಯತೆ 3/6, ಅಂದರೆ 0.5.

ಈ ಭಾಗಾಕಾರಕ್ಕೆ ಒಂದು ಷರತ್ತಿದೆ: ಪಟ್ಟಿಯಲ್ಲಿರುವ ಎಲ್ಲ ಫಲಿತಗಳೂ ಸಮಾನ ಸಂಭವವಾಗಿರಬೇಕು. ದಾಳದ ಆರು ಮೈಗಳೂ ಒಂದೇ ಥರ ಇರುವುದರಿಂದ ಅಲ್ಲಿ ಇದು ಸರಿ. ಕಾಫಿ ಹಣ್ಣಿಗೂ ‘ಪೀಬೆರಿ ಇದೆ, ಪೀಬೆರಿ ಇಲ್ಲ’ ಎಂದು ಎರಡು ಫಲಿತಗಳಿವೆ. ಹಾಗೆಂದು ಪೀಬೆರಿಯ ಸಂಭವನೀಯತೆ 1/2 ಆಗುವುದಿಲ್ಲ. ‘ಆಗುತ್ತೆ ಇಲ್ಲ ಆಗಲ್ಲ, ಫಿಫ್ಟಿ-ಫಿಫ್ಟಿ’ ಎಂಬ ಮಾತು ಕೇಳಲು ಸುಲಭ, ಆದರೆ ಅದು ಲೆಕ್ಕವಲ್ಲ. ಎರಡು ಫಲಿತಗಳಿವೆ ಎನ್ನುವುದೇ ಬೇರೆ, ಅವೆರಡೂ ಸಮ ಎನ್ನುವುದೇ ಬೇರೆ.

ಈ ತಪ್ಪು ಹೊಸಬರದ್ದು ಮಾತ್ರವಲ್ಲ. ಎರಡು ನಾಣ್ಯ ಚಿಮ್ಮಿದಾಗ ಕನಿಷ್ಠ ಒಂದು ಹೆಡ್ (ಪಠ್ಯಪುಸ್ತಕದ ಮಾತಿನಲ್ಲಿ ಶಿರ) ಬರುವ ಸಂಭವನೀಯತೆ 2/3 ಎಂದು 1754ರಲ್ಲಿ ಫ್ರಾನ್ಸಿನ ದೊಡ್ಡ ಗಣಿತಜ್ಞ ದ’ಲಂಬೇರ್ ವಾದಿಸಿದ್ದ. ಮೊದಲನೆಯದೇ ಹೆಡ್ ಆದರೆ ಆಟ ಅಲ್ಲಿಗೇ ಮುಗಿಯಿತು. ಟೈಲ್ ಬಿದ್ದು ಆಮೇಲೆ ಹೆಡ್ ಆಗಬಹುದು. ಎರಡೂ ಟೈಲ್ ಆಗಬಹುದು. ಒಟ್ಟು ಮೂರು ದಾರಿ, ಮೂರರಲ್ಲಿ ಎರಡು ಅನುಕೂಲ, ಎನ್ನುವುದು ಅವನ ಎಣಿಕೆ. ಎಡವಿದ್ದು ಛೇದದಲ್ಲಿ. ನೀವೇ ಮಾಡಿ ನೋಡಬೇಕಾದರೆ ಒಂದು ರೂಪಾಯಿಯ ನಾಣ್ಯ ಒಂದು, ಐದು ರೂಪಾಯಿಯದು ಒಂದು ತೆಗೆದುಕೊಳ್ಳಿ. ಎರಡೂ ಬೇರೆ ಬೇರೆ ಎಂದು ಕಣ್ಣಿಗೇ ಕಾಣುವುದರಿಂದ ಗೊಂದಲವಾಗುವುದಿಲ್ಲ. ಹೆಡ್-ಹೆಡ್, ಹೆಡ್-ಟೈಲ್, ಟೈಲ್-ಹೆಡ್, ಟೈಲ್-ಟೈಲ್ ಎಂದು ನಾಲ್ಕು ಫಲಿತಗಳು, ನಾಲ್ಕೂ ಸಮ. ಕನಿಷ್ಠ ಒಂದು ಹೆಡ್ ಇರುವವು ಮೂರು. ಉತ್ತರ 3/4.

ಎರಡು ದಾಳಗಳಿಗೂ ಇದೇ ದಾರಿ. ಒಂದು ಕೆಂಪು, ಒಂದು ಬಿಳಿ ಎಂದುಕೊಂಡು ಆರು ಸಾಲು, ಆರು ಕಂಬಸಾಲಿನ ಚೌಕ ಬರೆಯಿರಿ. 36 ಮನೆಗಳು. ಮೊತ್ತ 7 ಬರುವ ಮನೆಗಳು ಆರು, ಮೊತ್ತ 12 ಬರುವುದು ಒಂದೇ. ಮೊತ್ತಗಳು 2ರಿಂದ 12ರವರೆಗೆ ಹನ್ನೊಂದಿವೆ ಎಂದು ಛೇದದಲ್ಲಿ 11 ಬರೆದವರ ಉತ್ತರ ಪೂರ್ತಿ ಕೆಡುತ್ತದೆ.

ಎಣಿಸಿಯೇ ತಿಳಿಯಬೇಕಾದದ್ದು

ಪೀಬೆರಿಗೆ ದಾಳದಂಥ ಸಮಮೈಗಳಿಲ್ಲ. ಕುಳಿತು ಯೋಚಿಸಿದರೆ ಉತ್ತರ ಸಿಗದು, ಹಿಸುಕಿಯೇ ನೋಡಬೇಕು. ಶಾಲೆಯ ಪ್ರಯೋಗಕ್ಕೆ ಇದಕ್ಕಿಂತ ಒಳ್ಳೆಯದು ಕೊಡಗಿನಲ್ಲಿ ಸಿಗುವುದು ಕಷ್ಟ. 400 ಹಣ್ಣು ಸಾಕು. ನಾಲ್ಕು ಗುಂಪು ಮಾಡಿ, ಗುಂಪಿಗೆ ನೂರು ಹಂಚಿ. ಒಬ್ಬರು ಹಿಸುಕಲಿ, ಒಬ್ಬರು ಗೀಟು ಹಾಕಲಿ. ಹಿಸುಕಿದ ಹಣ್ಣಿನ ಸಂಖ್ಯೆ, ಅದುವರೆಗೆ ಸಿಕ್ಕ ಪೀಬೆರಿ, ಎರಡರ ಭಾಗಲಬ್ಧ ಹೀಗೆ ಮೂರು ಕಲಮು. ಸಿಕ್ಕಿದ ಲೆಕ್ಕ ಹೀಗಿರಬಹುದು, ಉದಾಹರಣೆಗೆ: 20 ಹಣ್ಣಿಗೆ 3 ಪೀಬೆರಿ, 0.15. 50ಕ್ಕೆ 4, 0.08. 100ಕ್ಕೆ 11, 0.11. 200ಕ್ಕೆ 19, 0.095. 400ಕ್ಕೆ 39, 0.0975. ಮೊದಮೊದಲು ಭಾಗಲಬ್ಧ ತುಂಬಾ ಓಲಾಡುತ್ತದೆ, ಎಣಿಕೆ ಹೆಚ್ಚಿದಂತೆ ಒಂದು ಕಡೆ ನೆಲೆ ನಿಲ್ಲುತ್ತದೆ. ಆ ನೆಲೆಯನ್ನೇ ಪ್ರಾಯೋಗಿಕ ಸಂಭವನೀಯತೆಯ ಅಂದಾಜು ಎಂದು ತೆಗೆದುಕೊಳ್ಳುತ್ತೇವೆ.

ಅಂದಾಜನ್ನು ಎಷ್ಟು ನಂಬಬಹುದು? ನಿಜವಾದ ಸಂಭವನೀಯತೆ 0.10ರ ಆಸುಪಾಸಿನಲ್ಲಿದ್ದರೆ, 100 ಹಣ್ಣಿನ ಎಣಿಕೆ ಸಾಮಾನ್ಯವಾಗಿ 0.06ರಷ್ಟು ಮೇಲೆ ಕೆಳಗೆ ಹೋಗಬಹುದು, ಅಂದರೆ 4 ಸಿಕ್ಕರೂ 16 ಸಿಕ್ಕರೂ ಆಶ್ಚರ್ಯಪಡಬೇಕಿಲ್ಲ. 400 ಹಣ್ಣಿಗೆ ಈ ಏರಿಳಿತ 0.03ಕ್ಕೆ ಇಳಿಯುತ್ತದೆ. ಎಣಿಕೆ ನಾಲ್ಕು ಪಟ್ಟಾದರೆ ಏರಿಳಿತ ಅರ್ಧವಾಗುತ್ತದೆ, ಕಾಲುಭಾಗವಲ್ಲ. ಅದನ್ನು ಇನ್ನೂ ಅರ್ಧಕ್ಕಿಳಿಸಲು 1600 ಹಿಸುಕಬೇಕು. ಒಂದು ಮಧ್ಯಾಹ್ನದ ಪ್ರಯೋಗಕ್ಕೆ 400 ಸಾಕು ಎಂದಿದ್ದು ಅದಕ್ಕೇ.

ಎಣಿಕೆ ಎಷ್ಟೇ ದೊಡ್ಡದಿರಲಿ, ಹಣ್ಣು ಆರಿಸುವುದರಲ್ಲಿ ತಪ್ಪಿದರೆ ಪ್ರಯೋಜನವಿಲ್ಲ. ಒಂದೇ ಗಿಡದ ಹಣ್ಣನ್ನೆಲ್ಲ ಕೊಯ್ದರೆ ನೀವು ಅಳೆದದ್ದು ಆ ಗಿಡವನ್ನು, ತೋಟವನ್ನಲ್ಲ. ಪೀಬೆರಿಯ ಪ್ರಮಾಣ ಗಿಡದಿಂದ ಗಿಡಕ್ಕೆ, ತಳಿಯಿಂದ ತಳಿಗೆ ಬದಲಾಗುತ್ತದೆ. ದಪ್ಪದಪ್ಪ ಹಣ್ಣು ನೋಡಿ ಆರಿಸಿದರೂ ಲೆಕ್ಕ ಓರೆಯಾಗುತ್ತದೆ. ಕಾಫಿ ಚೀಲವನ್ನು ಪರೀಕ್ಷಿಸುವ ವ್ಯಾಪಾರಿ ಬಾಯಿಯ ಬಳಿಯ ಒಂದು ಹಿಡಿ ನೋಡಿ ಬೆಲೆ ಹೇಳುವುದಿಲ್ಲ, ಬೇರೆ ಬೇರೆ ಚೀಲಗಳ ಮೇಲೆ, ನಡುವೆ, ಬುಡದಲ್ಲಿ ಚುಚ್ಚಿ ಕಾಳು ತೆಗೆದು ಬೆರೆಸುತ್ತಾನೆ. ಕಾರಣ ಇದೇ.

ನಾಣ್ಯದ ಮೇಲೂ ಇಂಥ ತಾಳ್ಮೆಯ ಎಣಿಕೆಗಳು ನಡೆದಿವೆ. ಹದಿನೆಂಟನೇ ಶತಮಾನದ ಫ್ರೆಂಚ್ ವಿಜ್ಞಾನಿ ಬುಫಾನ್ 4040 ಸಲ ಚಿಮ್ಮಿ 2048 ಹೆಡ್ ಪಡೆದ. ಎರಡನೇ ಮಹಾಯುದ್ಧದ ಕಾಲದಲ್ಲಿ ಡೆನ್ಮಾರ್ಕಿನಲ್ಲಿ ಬಂಧನದಲ್ಲಿದ್ದ ಗಣಿತಜ್ಞ ಕೆರಿಚ್ 10,000 ಸಲಕ್ಕೆ 5067 ಎಣಿಸಿದ. ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ 24,000ಕ್ಕೆ 12,012. ಕೆರಿಚ್‌ನ ಲೆಕ್ಕವನ್ನು ನಿಧಾನವಾಗಿ ನೋಡಿ. ಅರ್ಧ ಎಂದರೆ 5000, ಅವನಿಗೆ 67 ಹೆಚ್ಚೇ ಬಂದಿವೆ. ಆ 67ನ್ನು ಸರಿದೂಗಿಸಲು ನಾಣ್ಯ ಕೊನೆಯಲ್ಲಿ ಟೈಲ್‌ಗಳನ್ನು ಸುರಿಸಲಿಲ್ಲ. ಹತ್ತು ಸಾವಿರದ ಮುಂದೆ 67 ಸಣ್ಣದಾಗಿ ಕಂಡಿತು, ಅಷ್ಟೇ: ಭಾಗಲಬ್ಧ 0.5067. ‘ನಾಲ್ಕು ಸಲ ಹೆಡ್ ಬಿದ್ದಿದೆ, ಈ ಸಲ ಟೈಲ್ ಬೀಳಲೇಬೇಕು’ ಎಂಬ ನಂಬಿಕೆ ಎಷ್ಟೋ ಜನರ ದುಡ್ಡು ಕಳೆದಿದೆ. ನಾಣ್ಯಕ್ಕೆ ನೆನಪಿಲ್ಲ. ಐದನೆಯ ಸಲಕ್ಕೂ ಅದು 1/2.

ಕೂಡುವುದು, ಕಳೆಯುವುದು, ಗುಣಿಸುವುದು

40 ಮಕ್ಕಳ ಒಂದು ತರಗತಿ. 18 ಮಕ್ಕಳಿಗೆ ಕೊಡವ ತಕ್ಕ್ ಬರುತ್ತದೆ, 15 ಮಕ್ಕಳಿಗೆ ಅರೆಭಾಷೆ ಬರುತ್ತದೆ, 5 ಮಕ್ಕಳಿಗೆ ಎರಡೂ. ಚೀಟಿ ಎತ್ತಿ ಒಬ್ಬರನ್ನು ಕರೆದರೆ, ಅವರಿಗೆ ಈ ಎರಡರಲ್ಲಿ ಒಂದಾದರೂ ಬರುವ ಸಂಭವನೀಯತೆ ಎಷ್ಟು? 18 ಮತ್ತು 15 ಕೂಡಿ 33/40 ಎಂದರೆ ಎರಡೂ ಬಲ್ಲ ಐವರನ್ನು ಎರಡೆರಡು ಸಲ ಎಣಿಸಿದಂತಾಯಿತು. ಒಂದು ಸಲ ಕಳೆಯಬೇಕು: 18 + 15 − 5 = 28, ಉತ್ತರ 28/40 ಅಥವಾ 0.7. ಎರಡು ಘಟನೆಗಳು ಒಟ್ಟಿಗೆ ಆಗಲು ಸಾಧ್ಯವೇ ಇಲ್ಲದಿದ್ದರೆ ಕಳೆಯುವುದಕ್ಕೆ ಏನೂ ಇರುವುದಿಲ್ಲ, ನೇರ ಕೂಡಬಹುದು. ಅಂಥವು ಪರಸ್ಪರ ವರ್ಜಕ ಘಟನೆಗಳು.

ಇನ್ನು ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್‌ನ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಬರೋಣ. ಮರದಲ್ಲಿ ಕಟ್ಟಿದ ಕಾಯಿಗೆ ಒಬ್ಬ ಗುರಿಕಾರನ ಗುಂಡು ತಗಲುವ ಸಂಭವನೀಯತೆ 1/5 ಎಂದುಕೊಳ್ಳಿ. ಐದು ಗುಂಡು ಹೊಡೆದರೆ ಒಂದಾದರೂ ತಗಲುವುದು ಖಚಿತವೇ? ಐದು ಸಲ 1/5 ಕೂಡಿದರೆ 1 ಬರುತ್ತದೆ, ನಿಜ. ಆದರೆ ಅದೇ ರೀತಿಯಲ್ಲಿ ಆರು ಗುಂಡಿಗೆ 1.2 ಬರುತ್ತದೆ. ಒಂದಕ್ಕಿಂತ ಹೆಚ್ಚಿನ ಸಂಭವನೀಯತೆ ಇಲ್ಲ ಎಂದು ಮೇಲೆ ನೋಡಿದ್ದೇವೆ, ಆದ್ದರಿಂದ ದಾರಿಯೇ ತಪ್ಪು.

‘ಕನಿಷ್ಠ ಒಂದು’ ಎಂಬ ಮಾತು ಪ್ರಶ್ನೆಯಲ್ಲಿ ಕಂಡ ಕೂಡಲೇ ಅದನ್ನು ಮಗುಚಿ ನೋಡಬೇಕು. ಕನಿಷ್ಠ ಒಂದು ತಗಲುವುದರ ಪೂರಕ ಘಟನೆ, ಒಂದೂ ತಗಲದಿರುವುದು. ಒಂದು ಗುಂಡು ತಪ್ಪುವ ಸಂಭವನೀಯತೆ 0.8. ಐದೂ ತಪ್ಪಲು 0.8 × 0.8 × 0.8 × 0.8 × 0.8 = 0.328. ಒಂದಾದರೂ ತಗಲಲು 1 − 0.328 = 0.672. ಐದು ಗುಂಡು ಖರ್ಚು ಮಾಡಿದರೂ ಮೂರರಲ್ಲಿ ಒಂದು ಪಾಲು ಸಲ ಕಾಯಿ ಹಾಗೇ ನೇತಾಡುತ್ತಿರುತ್ತದೆ.

ಇಲ್ಲಿ ಗುಣಿಸಿದ್ದು ಒಂದು ಗುಂಡಿನ ಫಲಿತ ಇನ್ನೊಂದರ ಮೇಲೆ ಪರಿಣಾಮ ಬೀರುವುದಿಲ್ಲ ಎಂಬ ನಂಬಿಕೆಯ ಮೇಲೆ. ಅಂಥವು ಸ್ವತಂತ್ರ ಘಟನೆಗಳು. ಮೊದಲ ಗುಂಡು ಎಲ್ಲಿ ಹೋಯಿತು ಎಂದು ನೋಡಿ ಗುರಿಕಾರ ಕೋವಿಯನ್ನು ತುಸು ಸರಿಪಡಿಸಿಕೊಂಡರೆ ಎರಡನೆಯದಕ್ಕೆ 1/5 ಉಳಿಯುವುದಿಲ್ಲ, ಲೆಕ್ಕವೂ ಬದಲಾಗುತ್ತದೆ. ಗುಣಿಸುವ ಮೊದಲು ಈ ಪ್ರಶ್ನೆ ಕೇಳಿಕೊಳ್ಳದವರೇ ಹೆಚ್ಚು.

ಗುಣಾಕಾರ ಎಷ್ಟು ಬೇಗ ಸಂಖ್ಯೆಯನ್ನು ಕರಗಿಸುತ್ತದೆ ಎಂದು ತಿಳಿಯಲು ಕೊಡವ ಕುಟುಂಬಗಳ ಹಾಕಿ ಹಬ್ಬ ಸಾಕು. 1997ರಲ್ಲಿ ಕರಡದಲ್ಲಿ ಶುರುವಾದ ಈ ಪಂದ್ಯಾವಳಿಯಲ್ಲಿ ಈಗ ನೂರಾರು ಕುಟುಂಬಗಳು ಆಡುತ್ತವೆ, ಸೋತವರು ಹೊರಗೆ. 256 ತಂಡಗಳಿದ್ದರೆ ಕಪ್ಪಿಗೆ ಎಂಟು ಪಂದ್ಯ ಗೆಲ್ಲಬೇಕು. ಎಲ್ಲ ತಂಡಗಳೂ ಸಮಬಲದವಾದರೆ ಒಂದು ತಂಡಕ್ಕೆ ಕಪ್ಪು ಸಿಗುವ ಸಂಭವನೀಯತೆ 1/256. ಇರಲಿ, ಒಂದು ತಂಡ ತುಂಬಾ ಬಲವಾಗಿದೆ, ಪ್ರತಿ ಪಂದ್ಯ ಗೆಲ್ಲುವ ಸಂಭವನೀಯತೆ 0.8 ಎನ್ನಿ. ಎಂಟನ್ನೂ ಗೆಲ್ಲಲು 0.8ನ್ನು ಎಂಟು ಸಲ ಗುಣಿಸಿದರೆ 0.168. ಅಷ್ಟು ಬಲದ ತಂಡವೂ ಆರು ವರ್ಷದಲ್ಲಿ ಸುಮಾರು ಐದು ವರ್ಷ ಬರಿಗೈಯಲ್ಲಿ ಮರಳಬೇಕು. ಮೆಚ್ಚಿನ ತಂಡ ಸೋತಾಗ ಆಟಗಾರರನ್ನು ಬಯ್ಯುವ ಮೊದಲು ಈ ಗುಣಾಕಾರ ಮಾಡಿ ನೋಡಬೇಕು.

ಎತ್ತಿದ್ದನ್ನು ವಾಪಸ್ ಹಾಕದಿದ್ದರೆ ಸ್ವಾತಂತ್ರ್ಯ ಹೋಗುತ್ತದೆ. ಚೀಲದಲ್ಲಿ 10 ಕಿತ್ತಳೆ, ಅದರಲ್ಲಿ 3 ಹುಳಿ. ಎರಡು ತೆಗೆದು ಎರಡೂ ಹುಳಿಯಾಗಲು 3/10 × 2/9, ಅಂದರೆ 1/15. ಎರಡನೇ ಭಿನ್ನರಾಶಿಯಲ್ಲಿ ಮೇಲಿನದೂ ಕೆಳಗಿನದೂ ಒಂದೊಂದು ಇಳಿದಿವೆ. ತಿಂದ ಕಿತ್ತಳೆ ಚೀಲದಲ್ಲಿಲ್ಲವಲ್ಲ.

ಇದೇ ಸಾಧನಗಳು ಬದುಕಿನ ಗಂಭೀರ ವಿಷಯಕ್ಕೂ ಬೇಕು. ‘ನೂರು ವರ್ಷಕ್ಕೊಮ್ಮೆ ಬರುವ ಮಳೆ’ ಎಂಬ ಮಾತನ್ನು 2018ರ ಆಗಸ್ಟ್‌ನ ಭೂಕುಸಿತದ ನಂತರ ಕೊಡಗಿನವರು ಬಹಳ ಕೇಳಿದ್ದಾರೆ. ಒಮ್ಮೆ ಬಂದರೆ ಇನ್ನು ನೂರು ವರ್ಷ ನಿಶ್ಚಿಂತೆ ಎಂದು ಅದರ ಅರ್ಥವಲ್ಲ. ಪ್ರತಿ ವರ್ಷವೂ ಅಂಥ ಮಳೆಯ ಸಂಭವನೀಯತೆ 1/100 ಎಂದಷ್ಟೇ. ಇಳಿಜಾರಿನಲ್ಲಿ ಮನೆ ಕಟ್ಟಿ 30 ವರ್ಷ ಇರುವವರಿಗೆ ಕನಿಷ್ಠ ಒಂದು ಸಲ ಅದು ಎದುರಾಗುವ ಸಂಭವನೀಯತೆ? ಮಗುಚಿ ನೋಡಿ. ಒಂದು ವರ್ಷ ಬರದಿರಲು 0.99, ಮೂವತ್ತು ವರ್ಷವೂ ಬರದಿರಲು 0.99ನ್ನು ಮೂವತ್ತು ಸಲ ಗುಣಿಸಿದರೆ 0.74. ಆದ್ದರಿಂದ ಉತ್ತರ 0.26, ನಾಲ್ಕರಲ್ಲಿ ಒಂದಕ್ಕಿಂತ ತುಸು ಹೆಚ್ಚು. ಅಷ್ಟು ದೊಡ್ಡ ಸಂಖ್ಯೆಯನ್ನು ‘ನೂರು ವರ್ಷಕ್ಕೊಮ್ಮೆ’ ಎಂಬ ಮಾತು ಮುಚ್ಚಿಡುತ್ತದೆ. ಆ ಗುಣಾಕಾರವೂ ವರ್ಷಗಳು ಸ್ವತಂತ್ರ, 1/100 ಎಂಬುದು ಬದಲಾಗದು ಎಂಬ ಎರಡು ನಂಬಿಕೆಗಳ ಮೇಲೆ ನಿಂತಿದೆ. 2019 ಮತ್ತು 2020ರ ಆಗಸ್ಟ್‌ಗಳಲ್ಲೂ ಜಿಲ್ಲೆಯಲ್ಲಿ ಗುಡ್ಡ ಕುಸಿದು ಜೀವ ಹೋಗಿವೆ. ಗುಡ್ಡದ ಮೈ ಒಮ್ಮೆ ಸಡಿಲವಾದ ಮೇಲೆ, ಮೊದಲಿಗಿಂತ ಕಡಿಮೆ ಮಳೆಗೂ ಅದು ಜಾರಬಹುದು. ಆಗ ನಿಜವಾದ ಅಪಾಯ 0.26ಕ್ಕಿಂತ ಹೆಚ್ಚು.

ನೀರಿನ ತೊಟ್ಟಿಯಲ್ಲಿ ತೇಲಿದ ಹಣ್ಣು

ಷರತ್ತುಬದ್ಧ ಸಂಭವನೀಯತೆ ಎಂಬ ಹೆಸರು ಕೇಳಿಯೇ ಮಕ್ಕಳು ಹೆದರುತ್ತಾರೆ. ಪಲ್ಪಿಂಗ್‌ಗೆ, ಅಂದರೆ ಯಂತ್ರದಲ್ಲಿ ಸಿಪ್ಪೆ ಬಿಡಿಸುವುದಕ್ಕೆ, ಮೊದಲು ಹಣ್ಣನ್ನು ತೊಟ್ಟಿಯ ನೀರಿಗೆ ಸುರಿಯುವುದನ್ನು ನೋಡಿದವರಿಗೆ ಹೆದರಿಕೆ ಬೇಕಿಲ್ಲ. ಗಟ್ಟಿ ಹಣ್ಣು ಮುಳುಗುತ್ತದೆ, ಜೊಳ್ಳು ತೇಲುತ್ತದೆ. ಕಾಯಿಕೊರಕ ಎಂಬ ಪುಟ್ಟ ಕೀಟ ತುದಿಯಲ್ಲಿ ಸೂಜಿಮೊನೆಯಷ್ಟು ರಂಧ್ರ ಮಾಡಿ ಒಳಗೆ ತಿಂದ ಹಣ್ಣೂ ಹಗುರಾಗಿ ತೇಲುವುದುಂಟು.

ಅಭ್ಯಾಸಕ್ಕೆ ಸಂಖ್ಯೆ ಇಟ್ಟುಕೊಳ್ಳೋಣ. 1000 ಹಣ್ಣು. 50ರಲ್ಲಿ ಕೊರಕ ಇದೆ, 950ರಲ್ಲಿ ಇಲ್ಲ. ಕೊರಕವಿದ್ದ 50ರಲ್ಲಿ 40 ತೇಲುತ್ತವೆ. ಕೊರಕವಿಲ್ಲದ 950ರಲ್ಲೂ ಬೀಜ ತುಂಬದ 95 ತೇಲುತ್ತವೆ. ಈಗ ಎರಡು ಪ್ರಶ್ನೆ.

ಕೊರಕವಿದ್ದ ಹಣ್ಣು ತೇಲುವ ಸಂಭವನೀಯತೆ ಎಷ್ಟು? 50ರಲ್ಲಿ 40, ಅಂದರೆ 0.8.

ತೇಲಿದ ಹಣ್ಣಿನಲ್ಲಿ ಕೊರಕ ಇರುವ ಸಂಭವನೀಯತೆ ಎಷ್ಟು? ತೇಲಿದ್ದು ಒಟ್ಟು 135, ಅದರಲ್ಲಿ ಕೊರಕದ್ದು 40. 40/135, ಸುಮಾರು 0.3.

ಎರಡೂ ವಾಕ್ಯಗಳಲ್ಲಿ ಇರುವುದು ಅದೇ 40 ಹಣ್ಣು. ಛೇದ ಮಾತ್ರ ಬೇರೆ, ಒಂದು ಕಡೆ 50, ಇನ್ನೊಂದು ಕಡೆ 135. ಷರತ್ತು ಎಂದರೆ ಇಷ್ಟೇ: ಸಾವಿರದ ಪಟ್ಟಿಯನ್ನು ಬಿಟ್ಟು, ಷರತ್ತಿಗೆ ಹೊಂದುವ ಸಣ್ಣ ಪಟ್ಟಿಯನ್ನು ಛೇದವಾಗಿ ತೆಗೆದುಕೊಳ್ಳುವುದು. ರಕ್ತಪರೀಕ್ಷೆಯಲ್ಲಿ ‘ಪಾಸಿಟಿವ್’ ಬಂದವರಿಗೆಲ್ಲ ರೋಗವಿರಬೇಕಿಲ್ಲ ಎನ್ನುವುದೂ ಇದೇ ಲೆಕ್ಕ. ರೋಗ ಅಪರೂಪವಾಗಿದ್ದರೆ, ಆರೋಗ್ಯವಂತರ ದೊಡ್ಡ ಗುಂಪಿನಿಂದ ಬರುವ ಸಣ್ಣ ಪಾಲು ತಪ್ಪು ಫಲಿತಾಂಶವೂ ನಿಜವಾದ ರೋಗಿಗಳ ಸಂಖ್ಯೆಯನ್ನು ಮೀರಿಸಬಲ್ಲದು. ಇಂಥ ಪ್ರಶ್ನೆಗೆ ಸೂತ್ರ ಹುಡುಕುವುದಕ್ಕಿಂತ ‘ಸಾವಿರ ಮಂದಿ’ ಎಂದು ಇಟ್ಟುಕೊಂಡು ನಾಲ್ಕು ಗುಂಪು ಮಾಡಿ ಎಣಿಸುವುದು ಒಳ್ಳೆಯದು. ಶೇಕಡಾವಾರುಗಳಲ್ಲಿ ದಾರಿ ತಪ್ಪುವವರು ತಲೆ ಎಣಿಸುವಾಗ ತಪ್ಪುವುದು ಕಡಿಮೆ.

ಹಾಗಾದರೆ ತೇಲಿಸುವುದು ವ್ಯರ್ಥವೇ? ಅಲ್ಲ. ಮುಳುಗಿದ 865 ಹಣ್ಣುಗಳಲ್ಲಿ ಕೊರಕದ್ದು 10 ಮಾತ್ರ. ನೂರಕ್ಕೆ 5 ಇದ್ದದ್ದು ಒಂದು ಚಿಲ್ಲರೆಗೆ ಇಳಿಯಿತು.

ಕಣದಲ್ಲಿ ಕಾಫಿ, ಆಕಾಶದಲ್ಲಿ ಮೋಡ

ಹವಾಮಾನ ಇಲಾಖೆಯ ಮುನ್ಸೂಚನೆಯಲ್ಲಿ ‘ಒಂದೆರಡು ಕಡೆ’, ‘ಕೆಲವು ಕಡೆ’, ‘ಹಲವು ಕಡೆ’, ‘ಬಹುತೇಕ ಕಡೆ’ ಎಂಬ ಮಾತುಗಳು ಬಾಯಿಗೆ ಬಂದಂತೆ ಹೇಳಿದವಲ್ಲ. ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ನೂರಕ್ಕೆ 25ರವರೆಗೆ, 26ರಿಂದ 50, 51ರಿಂದ 75, 76ರಿಂದ 100 ಕೇಂದ್ರಗಳಲ್ಲಿ ಮಳೆಯಾಗಬಹುದು ಎಂದು ಅವುಗಳ ಅಳತೆ. ಅಲ್ಲಿ ಛೇದ ಜಾಗಗಳ ಸಂಖ್ಯೆ. ಮೊಬೈಲಿನಲ್ಲಿ ಕಾಣುವ ‘ಮಳೆ 30%’ ಬೇರೆ. ಇಂಥದೇ ಮುನ್ಸೂಚನೆ ಕೊಟ್ಟ ನೂರು ದಿನಗಳಲ್ಲಿ ಸುಮಾರು 30 ದಿನ ಮಳೆಯಾಗುತ್ತದೆ ಎಂದು ಅದರ ಅರ್ಥ. ಛೇದ ದಿನಗಳ ಸಂಖ್ಯೆ. ಒಂದು ದಿನ ಮಳೆ ಬರಲಿಲ್ಲವೆಂದು 30% ಸುಳ್ಳಾಗುವುದಿಲ್ಲ. ತುಂಬಾ ದಿನ ಬರೆದಿಟ್ಟು ಹೋಲಿಸಿದರೆ ಮಾತ್ರ ಸರಿ ತಪ್ಪು ಗೊತ್ತಾಗುತ್ತದೆ.

ಜನವರಿಯ ಒಂದು ಸಂಜೆ, ಕಣದಲ್ಲಿ ಹರಡಿದ ಕಾಫಿ ಇನ್ನೂ ಪೂರ್ತಿ ಒಣಗಿಲ್ಲ, ರಾತ್ರಿ ಮಳೆ 30% ಎಂದಿದೆ. ಗುಡ್ಡೆ ಮಾಡಿ ಟಾರ್ಪಾಲ್ ಹೊದಿಸಿ ಬೆಳಿಗ್ಗೆ ಮತ್ತೆ ಹರಡಲು ಕೂಲಿ 600 ರೂಪಾಯಿ. ಹೊದಿಸದೆ ಮಳೆ ಬಂದರೆ ಬಣ್ಣಗೆಟ್ಟು 4000 ರೂಪಾಯಿ ನಷ್ಟ ಎಂದುಕೊಳ್ಳಿ. ಹೊದಿಸದಿದ್ದರೆ ಆಗುವ ಸರಾಸರಿ ನಷ್ಟ 0.3 × 4000 = 1200. ಇದು 600ಕ್ಕಿಂತ ಹೆಚ್ಚು, ಆದ್ದರಿಂದ ಹೊದಿಸಬೇಕು. ಎಷ್ಟು ಸಂಭವನೀಯತೆಗೆ ಎರಡೂ ಸಮವಾಗುತ್ತವೆ? 600 ÷ 4000, ಅಂದರೆ 0.15. ಮುನ್ಸೂಚನೆ 10% ಎಂದಿದ್ದರೆ ಕಾಫಿಯನ್ನು ಹರಡಿದಂತೆಯೇ ಬಿಡಬಹುದು, 20% ಎಂದಿದ್ದರೆ ಕತ್ತಲಾಗುವ ಮೊದಲು ಟಾರ್ಪಾಲ್ ಎಳೆಯಬೇಕು. ಕಾಫಿಯ ಬೆಲೆ ಏರಿ ನಷ್ಟ 6000 ಆಗುವ ವರ್ಷ ಈ ಗೆರೆ 0.10ಕ್ಕೆ ಇಳಿಯುತ್ತದೆ.